ಘಟ್ಟದ ಕಾಡಿನಲ್ಲಿ ಛಾಯಾಗ್ರಹಣ



ಛಾಯಾಚಿತ್ರದ ವಿಷಯವನ್ನು ಬಾನುಲಿಯಲ್ಲಿ ಹೇಳುವುದೆಂದರೆ ಔತಣದ ರುಚಿಯನ್ನು ಕಾಗದದಲ್ಲಿ ಬರೆದು ಕಳುಹಿಸಿದ ಹಾಗೆ. ನೋಡಬೇಕಾದ ಕಣ್ಣಿಗೆ ಇಲ್ಲಿ ಕೆಲಸವಿಲ್ಲ. ಕೇಳುವ ಕಿವಿಗೆ ಚಿತ್ರದಿಂದ ಪ್ರಯೋಜನವಿಲ್ಲ. ಆದರೂ ಈ ಭಾಷಣಕ್ಕೆ ನಾವು ಒಪ್ಪಿಕೊಂಡುದಕ್ಕೆ ಒಂದು ಕಾರಣವುಂಟು. ನಮ್ಮ ಪ್ರವಾಸದಲ್ಲಿ ತೆಗೆದ ಚಿತ್ರಗಳಿಗಿಂತ ತೆಗೆಯದೆ ಬಿಟ್ಟುಬಂದ ಒಂದು ಚಿತ್ರವೇ ಈಗ ನಮ್ಮ ನೆನಪಿಗೆ ಹೆಚ್ಚಾಗಿ ಬರುತ್ತಿದೆ. ತೆಗೆಯದ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸಬೇಕಾದರೆ ಮಾತಿನಲ್ಲಿಯೇ ತೋರಿಸಬೇಕಷ್ಟೆ.

ನಾವು ಎಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಿಗೆ ಸೇರಿದ ಐದು ಮಂದಿ ಹವ್ಯಾಸಿಗಳು. ಇಬ್ಬರು ಉಪಾಧ್ಯಾಯರು, ಒಬ್ಬರು ವೈದ್ಯರು, ಒಬ್ಬರು ಕಬ್ಬು ಬೆಳೆಯುವವರು, ಇನ್ನೊಬ್ಬರು ಲೆಕ್ಕಪತ್ರದ ಕೆಲಸದವರು. ಭಾನುವಾರ ಬಂದರೆ ಕ್ಯಾಮರಾವನ್ನು ಹೆಗಲಿಗೆ ಹಾಕಿಕೊಂಡು ಮನೆ ಬಿಡುವುದು ನಮ್ಮ ಅಭ್ಯಾಸ. ಮನೆಯವರು ಇದನ್ನು ಹವ್ಯಾಸವೆಂದು ಒಪ್ಪಿಕೊಂಡಿಲ್ಲ, ವ್ಯಾಧಿಯೆಂದು ಸಹಿಸಿಕೊಂಡಿದ್ದಾರೆ.

ಚಿತ್ರಕ್ಕೆ ವಸ್ತುವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾದ ಅಗತ್ಯವೇನೂ ಇಲ್ಲ. ಶ್ರೀರಂಗಪಟ್ಟಣದ ಹತ್ತಿರವೇ ರಂಗನತಿಟ್ಟು ಇದೆ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಅಲ್ಲಿ ಸಣ್ಣ ಸಣ್ಣ ತಿಟ್ಟುಗಳು ಏರ್ಪಟ್ಟು, ಅವು ಹಕ್ಕಿಗಳಿಗೆ ತವರುಮನೆಯಾದುವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದಾಗ ಈ ಸ್ಥಳದ ಮಹತ್ವವನ್ನು ಕಂಡು ಅರಸರಿಗೆ ಅರಿಕೆ ಮಾಡಿದರು. 1940ರಲ್ಲಿ ಅದು ರಕ್ಷಿತ ಪಕ್ಷಿಧಾಮವಾಯಿತು. 2022ರಲ್ಲಿ ರಾಂಸಾರ್ ಒಪ್ಪಂದದ ಪಟ್ಟಿಗೂ ಸೇರಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಗಳಿಗೆಂದೇ 1981ರಲ್ಲಿ ಮೀಸಲಾದ ಧಾಮವಿದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟಸಾಲಿನ ಕುರುಚಲು ಕಾಡು, ತೋಳಗಳ ರಕ್ಷಣೆಯನ್ನು ಮುಖ್ಯ ಉದ್ದೇಶವಾಗಿಟ್ಟುಕೊಂಡು, 1974ರಲ್ಲಿ ವನ್ಯಜೀವಿಧಾಮವಾಯಿತು. ಇವೆಲ್ಲಕ್ಕೂ ಸಮಾನವಾದ ಒಂದು ಗುಣವುಂಟು: ಬೆಳಕು ಧಾರಾಳವಾಗಿದೆ. ನಮ್ಮ ಬಯಲುಸೀಮೆಯ ಸೂರ್ಯ ದಾನಶೂರ ಕರ್ಣನ ಹಾಗೆ, ಬೇಡದವರಿಗೂ ಕೊಡುತ್ತಾನೆ. ಛಾಯಾಗ್ರಾಹಕನಿಗೆ ಇದಕ್ಕಿಂತ ಹೆಚ್ಚಿನ ಉಪಕಾರ ಬೇರಿಲ್ಲ. ಆದರೆ ಧಾರಾಳವಾಗಿ ದೊರೆತದ್ದರಿಂದ ಮನುಷ್ಯನಿಗೆ ಅಹಂಕಾರವೂ ಬರುತ್ತದೆ. ನಮಗೂ ಬಂದಿತ್ತು. ಅದು ಇಳಿದ ಬಗೆಯನ್ನು ಮೊದಲು ಹೇಳಿಬಿಡುತ್ತೇವೆ.

ಘಟ್ಟಕ್ಕೆ ಹೋಗುವುದಕ್ಕೆ ಒಂದು ವರ್ಷ ಮುಂಚೆ, ಫೆಬ್ರವರಿ ತಿಂಗಳಿನಲ್ಲಿ, ಪಾಂಡವಪುರದ ಕುಂತಿಬೆಟ್ಟದ ತಪ್ಪಲಿನಲ್ಲಿ ನಮಗೊಂದು ಸೂರಕ್ಕಿಯ ಗೂಡು ಸಿಕ್ಕಿತು. ಜೇಡರ ಬಲೆಯ ನೂಲಿನಿಂದ ನಾರು, ತೊಗಟೆಯ ಚೂರುಗಳನ್ನು ಹೆಣೆದು ಕೊಂಬೆಯ ತುದಿಗೆ ತೂಗುಬಿಟ್ಟ ಸಣ್ಣ ಚೀಲ ಅದು. ಬಾಗಿಲಿನ ಮೇಲೆ ಮಳೆಬಿಸಿಲು ತಾಕದಂತೆ ಪುಟ್ಟದೊಂದು ಸೂರು. ಒಳಗೆ ಎರಡು ಮರಿಗಳು. ಎಲೆಗಳಿದ್ದ ಒಂದು ರೆಂಬೆ ಬಾಗಿಲಿಗೆ ಅಡ್ಡವಾಗಿದ್ದಿತು. ಅದನ್ನು ಮುರಿಯುವಷ್ಟು ಕಟುಕರು ನಾವಲ್ಲವೆಂದು ಹೇಳಿಕೊಂಡು, ದಾರದಿಂದ ಹಿಂದಕ್ಕೆ ಎಳೆದು ಕಟ್ಟಿದೆವು. ಒಂದು ಗಂಟೆಯ ಹೊತ್ತು ಚಿತ್ರ ತೆಗೆದೆವು. ಚಿತ್ರಗಳು ಚೆನ್ನಾಗಿಯೇ ಬಂದುವು. ದಾರವನ್ನು ಬಿಚ್ಚಿ, ರೆಂಬೆಯನ್ನು ಮೊದಲಿದ್ದಂತೆಯೇ ಬಿಟ್ಟು ಬಂದೆವು. ಮರುದಿನ ಬೆಳಗ್ಗೆ ಹೋಗಿ ನೋಡಿದಾಗ ಗೂಡು ಹರಿದು ಜೋತಾಡುತ್ತಿದ್ದಿತು, ಮರಿಗಳಿರಲಿಲ್ಲ. ತಾಯಿಹಕ್ಕಿ ಹುಳುವನ್ನು ಕೊಕ್ಕಿನಲ್ಲಿಟ್ಟುಕೊಂಡು ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದಿತು.

ಕಾಗೆಯೋ, ಓತಿಯೋ, ಹಾವೋ, ಯಾವುದು ತೆಗೆದುಕೊಂಡು ಹೋಯಿತೆಂಬುದನ್ನು ನಾವು ಕಾಣಲಿಲ್ಲ. ನಾವು ಹೋಗದಿದ್ದರೂ ಹಾಗೆ ಆಗಬಹುದಾಗಿದ್ದಿತು ಎಂದು ಒಬ್ಬರು ಸಮಾಧಾನ ಹೇಳಿದರು. ಆ ಸಮಾಧಾನ ಯಾರ ಮನಸ್ಸಿಗೂ ಹಿಡಿಸಲಿಲ್ಲ. ರೆಂಬೆಯ ಮರೆಯೆಂಬುದು ಆ ಗೂಡಿನ ಗೋಡೆ. ಒಂದು ಗಂಟೆಯ ಕಾಲ ನಾವು ಗೋಡೆಯನ್ನು ತೆಗೆದಿಟ್ಟಿದ್ದೆವು. ಆ ಚಿತ್ರಗಳನ್ನು ನಾವು ಯಾರಿಗೂ ತೋರಿಸಿಲ್ಲ.

ಇನ್ನು ಪ್ರವಾಸದ ಮಾತಿಗೆ ಬರೋಣ. ಕೃಷ್ಣರಾಜಪೇಟೆಯ ಮಿತ್ರರ ಗದ್ದೆ ಹೇಮಾವತಿಯ ನೀರಿನದು. ಹೇಮಗಿರಿಯ ಹತ್ತಿರ ಬಂಡೆಗಳ ಮೇಲೆ ಕುಳಿತಿದ್ದಾಗ ಒಂದು ದಿನ ಅವರು, "ಈ ನೀರು ಬರುವ ಕಾಡನ್ನು ನಾವು ಒಮ್ಮೆಯೂ ನೋಡಿಲ್ಲವಲ್ಲ" ಎಂದರು. ಮಾತು ನಿಜವಾಗಿದ್ದಿತು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಸಕಲೇಶಪುರವನ್ನು ಹಾದು, ಗೊರೂರಿನ ಅಣೆಕಟ್ಟಿನಲ್ಲಿ ತಂಗಿ, ನಮ್ಮ ಸೀಮೆಗೆ ಇಳಿದು, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತಾಳೆ. ನಾಗಮಂಗಲದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಘಟ್ಟದ ನೆತ್ತಿಯ ಮೇಲೆ 4,000ವನ್ನೂ ಮೀರುತ್ತದೆ. ಅಲ್ಲಿಯವರ ಮಳೆಯಲ್ಲಿ ನಾವು ಬಾಳುತ್ತಿದ್ದೇವೆ. ಆದುದರಿಂದ ಹೊಳೆಯ ಜಾಡಿನಲ್ಲಿಯೇ ಮೇಲಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಮೇ ತಿಂಗಳ ಮೊದಲ ವಾರದಲ್ಲಿ, ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದ ಮೇಲೆ, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳ ಮಾರ್ಗವಾಗಿ ಬಿಸಿಲೆಯ ಘಟ್ಟವನ್ನು ಸೇರಿದೆವು. ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ಆ ಕಡೆಯವರೇ ಆದ ಒಬ್ಬ ಹಿರಿಯರನ್ನು ದಾರಿ ತೋರಿಸುವುದಕ್ಕೆ ಜೊತೆಮಾಡಿಕೊಂಡೆವು. ಆನೆಗಳಿರುವ ಕಾಡಾದುದರಿಂದ ಅವರ ಮಾತನ್ನು ಮೀರುವುದಿಲ್ಲವೆಂದು ಮೊದಲೇ ಒಪ್ಪಿಕೊಂಡಿದ್ದೆವು.

ಬಿಸಿಲೆ ಎಂಬ ಹೆಸರನ್ನು ಕೇಳಿದವರು ಅಲ್ಲಿ ಬಿಸಿಲಿರಬೇಕೆಂದು ತಿಳಿಯಬಹುದು. ರಸ್ತೆಯ ಬದಿಯಲ್ಲಿ ನಿಂತು ಪುಷ್ಪಗಿರಿಯ ಸಾಲನ್ನು ನೋಡುವಾಗ ಬಿಸಿಲಿಗೆ ಕೊರತೆಯಿಲ್ಲ. ರಸ್ತೆಯನ್ನು ಬಿಟ್ಟು ಐವತ್ತು ಹೆಜ್ಜೆ ಒಳಗೆ ಹೋದರೆ ಸಾಯಂಕಾಲವಾಗಿಬಿಡುತ್ತದೆ. ನಿತ್ಯಹರಿದ್ವರ್ಣದ ಕಾಡಿನಲ್ಲಿ ಮರಗಳ ತಲೆಗಳು ಒಂದಕ್ಕೊಂದು ಕೂಡಿಕೊಂಡು ಮಾಡು ಹೊದಿಸಿದಂತಿರುತ್ತವೆ. ಮೇಲೆ ಬಿದ್ದ ಬೆಳಕಿನಲ್ಲಿ ನೆಲವನ್ನು ಮುಟ್ಟುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ರಂಗನತಿಟ್ಟಿನಲ್ಲಿ ಒಂದು ಸೆಕೆಂಡಿನ ಎರಡು ಸಾವಿರದ ಒಂದು ಪಾಲಿನಷ್ಟು ಕಾಲದಲ್ಲಿ ಹಾರುವ ಹಕ್ಕಿಯನ್ನು ಹಿಡಿಯುತ್ತಿದ್ದ ನಮ್ಮ ಕ್ಯಾಮರಾ, ಇಲ್ಲಿ ಮಸೂರದ ಬಾಯನ್ನು ಪೂರ್ತಿ ತೆರೆದರೂ ಸೆಕೆಂಡಿನ ಎಂಟರಲ್ಲೊಂದು ಪಾಲು ಕೇಳಿತು. ಅಷ್ಟು ಹೊತ್ತು ಎಲೆಯೂ ಅಲುಗದಿರಬೇಕು, ಹಕ್ಕಿಯೂ ಅಲುಗದಿರಬೇಕು, ನಮ್ಮ ಉಸಿರೂ ನಿಂತಿರಬೇಕು. ಎಲ್ಲೋ ಒಂದೆಡೆ ಬಿಸಿಲುಕೋಲು ಇಳಿದಿದ್ದರೆ ಸಂತೋಷಪಡುವಂತಿಲ್ಲ. ಬಿಸಿಲು ಬಿದ್ದ ಎಲೆ ಚಿತ್ರದಲ್ಲಿ ಸುಣ್ಣದ ಚುಕ್ಕೆಯಾಗುತ್ತದೆ. ಪಕ್ಕದ ನೆರಳು ಮಸಿಯಾಗುತ್ತದೆ. ಊರಿನಲ್ಲಿ ಮೋಡ ಕವಿದರೆ ಬೇಸರಪಡುತ್ತಿದ್ದ ನಾವು ಅಲ್ಲಿ ಮೋಡಕ್ಕಾಗಿ ಕಾಯುವುದನ್ನು ಕಲಿತೆವು.

ಸಲಕರಣೆಗಳ ವಿಷಯದಲ್ಲಿ ಒಂದು ಮಾತು. ಮುಕ್ಕಾಲಿಯನ್ನು ಊರಲು ಸ್ಥಳವಿಲ್ಲದ ಕಡೆ ಕ್ಯಾಮರಾಕ್ಕೆ ದಿಂಬು ಬೇಕಾಗುತ್ತದೆ. ಅದಕ್ಕಾಗಿ ನಾವು ಬಟ್ಟೆಯ ಚೀಲವೊಂದರಲ್ಲಿ ಎರಡು ಸೇರು ರಾಗಿಯನ್ನು ತುಂಬಿಕೊಂಡು ಹೋಗಿದ್ದೆವು. ಬೇರಿನ ಮೇಲಿಟ್ಟರೂ ಕಲ್ಲಿನ ಮೇಲಿಟ್ಟರೂ ಅದು ಹದವಾಗಿ ಕೂರುತ್ತದೆ. ಕಾಡಿನ ತೇವಕ್ಕೆ ಮಸೂರಗಳು ಮಂಜು ಹಿಡಿದುವು. ಬೂಷ್ಟು ಹತ್ತದಂತೆ ಪ್ರತಿರಾತ್ರಿ ಅವನ್ನು ಒರಸಿ, ತೇವ ಹೀರುವ ಸಿಲಿಕಾ ಹರಳುಗಳೊಡನೆ ಡಬ್ಬಿಯಲ್ಲಿ ಮುಚ್ಚಿಡಬೇಕಾಯಿತು. ಇಂಬಳಗಳ ವಿಷಯವನ್ನು ವಿಸ್ತರಿಸುವುದಿಲ್ಲ. ಸುಣ್ಣ, ಹೊಗೆಸೊಪ್ಪು, ಉಪ್ಪು ಎಲ್ಲವನ್ನೂ ಹಚ್ಚಿಕೊಂಡಿದ್ದೆವು. ಚಿತ್ರಕ್ಕಾಗಿ ಅಲುಗದೆ ಕುಳಿತವನನ್ನು ಕಂಡರೆ ಅವಕ್ಕೆ ವಿಶೇಷವಾದ ಪ್ರೀತಿಯೆಂಬುದನ್ನು ಮಾತ್ರ ತಿಳಿಸಬಹುದು.

ಗಿಡಮರಗಳು ಓಡಿಹೋಗುವುದಿಲ್ಲ, ಆದುದರಿಂದ ಅವುಗಳ ಚಿತ್ರ ಸುಲಭವೆಂದು ನಮ್ಮ ಎಣಿಕೆಯಾಗಿದ್ದಿತು. ಧೂಪದ ಮರದ ಬುಡದಲ್ಲಿ ನಿಂತಾಗ ಆ ಎಣಿಕೆ ತಪ್ಪಿತು. ಕಾಂಡವನ್ನು ಹಿಡಿದರೆ ತಲೆ ಸಿಕ್ಕುವುದಿಲ್ಲ. ತಲೆಯನ್ನು ಹಿಡಿಯಲು ಹಿಂದೆ ಸರಿದರೆ ನಡುವೆ ನೂರು ಮರಗಳು ಬರುತ್ತವೆ. ಮಳೆಕಾಡಿನಲ್ಲಿ ಒಂದು ಮರವನ್ನು ಪ್ರತ್ಯೇಕವಾಗಿ ನೋಡುವುದಕ್ಕೇ ಆಗುವುದಿಲ್ಲ. ಬಲಗಿಯ ಮರ ಊರುಗೋಲುಗಳಂತೆ ಬೇರುಗಳನ್ನು ಕೆಳಗಿಳಿಸಿ ನಿಂತಿರುತ್ತದೆ. ಆ ಬೇರಿನ ಮೇಲೆ ಹಾವಸೆ, ಹಾವಸೆಯ ಮೇಲೆ ಜರಿಗಿಡ, ಜರಿಗಿಡದ ಬುಡದಲ್ಲಿ ಇರುವೆಯ ಮನೆ. ಬೆತ್ತದ ಬಳ್ಳಿ ಮುಳ್ಳನ್ನು ಊರಿ ಒಂದು ಮರದಿಂದ ಇನ್ನೊಂದಕ್ಕೆ ಹತ್ತುತ್ತದೆ. ಮಲೆನಾಡಿಗರು ಸೀತಾಳೆದಂಡೆಯೆಂದು ಕರೆಯುವ ಆರ್ಕಿಡ್, ನರಿಯ ಬಾಲದಂತೆ ಇಳಿಬಿದ್ದ ಹೂಗೊಂಚಲನ್ನು ಹೊತ್ತು, ನೆಲದ ಮಣ್ಣಿನ ಹಂಗಿಲ್ಲದೆ ಕೊಂಬೆಯ ಮೇಲೆ ಬಾಳುತ್ತಿರುತ್ತದೆ. ಒಂದನ್ನು ಚಿತ್ರಿಸಹೊರಟರೆ ಅದರ ನೆರೆಹೊರೆಯೆಲ್ಲವೂ ಚಿತ್ರದೊಳಕ್ಕೆ ಬಂದುಬಿಡುತ್ತದೆ. ಮೊದಲ ದಿನ ನಾವು ಇದನ್ನು ದೋಷವೆಂದೆಣಿಸಿದೆವು. ಎರಡನೆಯ ದಿನ ಅದೇ ಆ ಕಾಡಿನ ನಿಜವಾದ ಚಿತ್ರವೆಂದು ತೋರಿತು.

ರಾತ್ರಿ ಕೈದೀಪ ಹಿಡಿದು ತೋಡಿನ ದಂಡೆಯಲ್ಲಿ ನಡೆದೆವು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದಾದ ಪೊದೆಗಪ್ಪೆಗಳು ಎಲೆಯೆಲೆಯಲ್ಲಿಯೂ ಕುಳಿತು ಟಿಕ್ ಟಿಕ್ ಎನ್ನುತ್ತಿದ್ದುವು. ಈ ಕುಲದ ಕಪ್ಪೆಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ; ತೇವವಾದ ಎಲೆಯಲ್ಲಿಯೋ ನೆಲದಲ್ಲಿಯೋ ಇಟ್ಟ ಮೊಟ್ಟೆಯೊಳಗಿಂದ ಪುಟ್ಟ ಕಪ್ಪೆಯೇ ಹೊರಗೆ ಬರುತ್ತದೆ. ಕೆರೆಯ ಬದಲು ಗಾಳಿಯ ತೇವವನ್ನೇ ನಂಬಿದ ಜೀವ ಅದು. ಪಶ್ಚಿಮಘಟ್ಟದ ಇಂತಹ ಹತ್ತಾರು ಕಪ್ಪೆಗಳಿಗೆ ಈ ಇಪ್ಪತ್ತೊಂದನೆಯ ಶತಮಾನದಲ್ಲಿ ಮಾತ್ರವೇ ಶಾಸ್ತ್ರದಲ್ಲಿ ಹೆಸರು ದೊರೆತಿದೆ. ಒಂದು ಕಪ್ಪೆ ಹರಿದ ಎಲೆಯ ಮೇಲೆ ಕುಳಿತಿದ್ದಿತು. ಪಕ್ಕದಲ್ಲಿ ಸುಂದರವಾದ ಎಲೆಯಿದ್ದಿತು. ಅದನ್ನು ಎತ್ತಿ ಅಲ್ಲಿಗೆ ಕೂರಿಸೋಣವೆಂದು ನಮ್ಮಲ್ಲೊಬ್ಬರು ಕೈ ಮುಂದೆ ಚಾಚಿದವರು, ಏನನ್ನೋ ನೆನೆದು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಕಪ್ಪೆ ಚರ್ಮದಿಂದಲೂ ಉಸಿರಾಡುವ ಪ್ರಾಣಿ. ನಮ್ಮ ಕೈಯ ಉಪ್ಪು, ಹೊಗೆಸೊಪ್ಪು ಅದಕ್ಕೆ ಹಿತವಾಗಲಾರದು. ಹರಿದ ಎಲೆಯ ಮೇಲೆಯೇ ಚಿತ್ರ ತೆಗೆದೆವು. ಏನನ್ನು ನೆನೆದರೆಂದು ಯಾರೂ ಕೇಳಲಿಲ್ಲ. ಕುಂತಿಬೆಟ್ಟದ ದಾರ ಎಲ್ಲರ ನೆನಪಿನಲ್ಲಿಯೂ ಇದ್ದಿತು.

ಮೂರನೆಯ ದಿನ ಬೆಳಗ್ಗೆ ಮಂಗಟ್ಟೆಯ ಕೂಗು ಕೇಳಿಸಿತು. ಯಾರೋ ಮುದುಕರು ಮರದ ಮೇಲೆ ಕುಳಿತು ಗಹಗಹಿಸಿ ನಕ್ಕಂತೆ ಇರುತ್ತದೆ ಅದು. ಬೂದುಬಣ್ಣದ ಈ ಸಣ್ಣ ಮಂಗಟ್ಟೆ ಪಶ್ಚಿಮಘಟ್ಟಗಳಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಇದರ ಸಂಸಾರದ ರೀತಿ ವಿಚಿತ್ರವಾದುದು. ಹಳೆಯ ಮರದ ಪೊಟರೆಯೊಳಕ್ಕೆ ಹೆಣ್ಣು ಹೊಕ್ಕು, ಬಾಗಿಲನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮೊಟ್ಟೆಯಿಟ್ಟು ಮರಿ ಬೆಳೆಯುವವರೆಗೆ, ಸುಮಾರು ಮೂರು ತಿಂಗಳ ಕಾಲ, ಗಂಡು ಹೊರಗಿನಿಂದ ಆಹಾರ ತಂದು ಆ ಸೀಳಿನಲ್ಲಿ ಕೊಡಬೇಕು. ಅದು ಬಾರದಿದ್ದರೆ ಒಳಗಿನವರಿಗೆ ಉಪವಾಸ.

ಇಪ್ಪತ್ತು ಮಾರು ದೂರದ ಹೆಮ್ಮರದಲ್ಲಿ ಅಂತಹ ಸೀಳು ನಮಗೆ ಕಾಣಿಸಿತು. ನಮ್ಮ ಲೆಕ್ಕಪತ್ರದ ಮಿತ್ರರು ಈ ಪ್ರವಾಸಕ್ಕೆಂದೇ ಬೆಂಗಳೂರಿನಿಂದ ದೊಡ್ಡ ಮಸೂರವೊಂದನ್ನು ಬಾಡಿಗೆಗೆ ತಂದಿದ್ದರು. ಅವರ ಕೈ ಆಗಲೇ ನಡುಗುತ್ತಿದ್ದಿತು. ಮುಕ್ಕಾಲಿ ಊರಿದೆವು. ಮಸೂರವನ್ನು ಸೀಳಿನ ಮೇಲೆ ನೆಟ್ಟೆವು. ಗಂಡುಹಕ್ಕಿ ಬಂದಿತು, ಆದರೆ ಗೂಡಿನ ಮರಕ್ಕೆ ಬರಲಿಲ್ಲ. ಅದರಾಚೆಯ ಮರದಲ್ಲಿ ಕುಳಿತು ನಮ್ಮ ಕಡೆ ನೋಡಿತು. ಕಾಲು ಗಂಟೆಯಾಯಿತು. ಹಾರಿಹೋಗಿ ಮತ್ತೆ ಬಂದು ಅಲ್ಲಿಯೇ ಕುಳಿತಿತು. ಒಳಗಿನಿಂದ ಸಣ್ಣ ಧ್ವನಿಯೊಂದು ಕೇಳಿಸಿತು.

ದಾರಿ ತೋರಿಸುತ್ತಿದ್ದ ಹಿರಿಯರು ಅಷ್ಟು ಹೊತ್ತು ಸುಮ್ಮನಿದ್ದವರು ಮೆಲ್ಲನೆ ಹೇಳಿದರು: "ಅದು ಬಾಣಂತಿ ಕೋಣೆ ಸ್ವಾಮಿ. ಗಂಡು ಹಣ್ಣು ತಂದು ಕಾಯ್ತಾ ಕೂತದೆ. ನೀವು ಇಲ್ಲಿ ನಿಂತಿರೋ ತನಕ ಅದು ಹತ್ರ ಬರಾಕಿಲ್ಲ."

"ಇನ್ನು ಹತ್ತು ನಿಮಿಷ ನೋಡೋಣ, ನಮಗೆ ಒಗ್ಗಿಕೊಂಡೀತು" ಎಂದರು ನಮ್ಮ ಮಿತ್ರರು.

"ಒಗ್ಗಬೋದು, ಒಗ್ಗದೇನೂ ಇರಬೋದು. ಹಸಿವು ಅವರದು, ಸ್ವಾಮಿ."

ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಇಷ್ಟು ದೂರ ಬಂದು, ಇಷ್ಟು ಹಣ ಕೊಟ್ಟು, ಮತ್ತೆ ದೊರೆಯಲಾರದ ಚಿತ್ರವನ್ನು ಬಿಟ್ಟುಹೋಗುವುದೇ ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದ್ದಿತು, ಯಾರೂ ಆಡಲಿಲ್ಲ. ಕೊನೆಗೆ ಆ ಮಿತ್ರರೇ ಮುಕ್ಕಾಲಿಯನ್ನು ಮಡಿಸಿದರು. ಶಬ್ದ ಮಾಡದೆ ಹಿಂದೆ ಹಿಂದೆ ಸರಿದು, ಬಹಳ ದೂರದಲ್ಲಿ ಒಂದು ಧೂಪದ ಮರದ ಮರೆಯಲ್ಲಿ ಕುಳಿತೆವು. ಅಲ್ಲಿಂದ ಚಿತ್ರ ತೆಗೆಯಲು ಬೆಳಕೂ ಸಾಲದು, ಮಸೂರವೂ ಸಾಲದು. ದುರ್ಬೀನಿನಲ್ಲಿ ಕಾಣುವುದಕ್ಕೆ ಮಾತ್ರ ಸಾಕು. ಎರಡು ನಿಮಿಷವೂ ಆಗಲಿಲ್ಲ. ಗಂಡು ಹಾರಿಬಂದು ಕಾಂಡವನ್ನು ಹಿಡಿದು ಕುಳಿತು, ಗಂಟಲಿನಿಂದ ಒಂದೊಂದೇ ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿಗೆ ಚಾಚಿತು. ಒಳಗಿನಿಂದ ಒಂದು ಕೊಕ್ಕಿನ ತುದಿ ಹೊರಗೆ ಬಂದು ಅದನ್ನು ತೆಗೆದುಕೊಂಡಿತು. ಏಳು ಹಣ್ಣುಗಳನ್ನು ಎಣಿಸಿದೆವು. ಎಣಿಸುತ್ತಿದ್ದವರಲ್ಲಿ ವಯಸ್ಸಾದವರೂ ಇದ್ದರು. ಎಲ್ಲರೂ ಪಿಸುಮಾತಿನಲ್ಲಿ ಮಕ್ಕಳಂತೆ ಎಣಿಸಿದರು. ನಾವು ತೆಗೆಯದ ಚಿತ್ರ ಇದೇ.

ಹಿಂದಿರುಗುವಾಗ ಬಿಸಿಲೆಯ ಸಮೀಪದ ಮಂಕನಹಳ್ಳಿಯ ಹತ್ತಿರ ಬೆಟ್ಟದ ದಿಣ್ಣೆಯೊಂದರಲ್ಲಿ ನೆಟ್ಟಿರುವ ಕಲ್ಲನ್ನು ನೋಡಿದೆವು. ಅದರ ಒಂದು ಪಕ್ಕಕ್ಕೆ ಬಿದ್ದ ಮಳೆ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಪಡುವಣ ಕಡಲಿಗೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ಬಿದ್ದದ್ದು ಹೇಮಾವತಿಗೆ ಬಂದು, ಕಾವೇರಿಯೊಡನೆ ಮೂಡಣ ಕಡಲಿಗೆ ಸಾಗುತ್ತದೆ. ಕೃಷ್ಣರಾಜಪೇಟೆಯ ಮಿತ್ರರು ಕಲ್ಲಿನ ಮೂಡಣ ಬದಿಗೆ ಹೋಗಿ ನಿಂತು, "ಇದು ನಮ್ಮ ಮನೆಯ ಹಿತ್ತಲು" ಎಂದರು. ಹಾಸ್ಯಕ್ಕಾಗಿ ಹೇಳಿದ ಮಾತಾದರೂ ಲೆಕ್ಕ ಸರಿಯಾಗಿದ್ದಿತು. ಮಂಗಟ್ಟೆ ಹಣ್ಣನ್ನು ನುಂಗಿ ಬೀಜವನ್ನು ದೂರದೂರಕ್ಕೆ ಬೀಳಿಸುತ್ತದೆ. ಆ ಬೀಜ ಮರವಾಗುತ್ತದೆ. ಮರಗಳ ಬುಡದ ತರಗು ಮಳೆಯನ್ನು ಹೀರಿಕೊಂಡು ಬೇಸಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹೊಳೆಗೆ ಬಿಡುತ್ತದೆ. ಆ ಹೊಳೆಯೇ ನಮ್ಮ ಕಬ್ಬಿನ ಗದ್ದೆಗೂ ಕುಡಿಯುವ ಕೊಡಕ್ಕೂ ಬರುವುದು. ಪೊಟರೆಯ ಸೀಳಿನಲ್ಲಿ ಹಣ್ಣು ಪಡೆದ ಆ ಹೆಣ್ಣುಹಕ್ಕಿಗೂ ನಮ್ಮ ಮನೆಗೂ ನಂಟಿಲ್ಲವೆನ್ನುವಂತಿಲ್ಲ.

ನಮಗಿಂತ ಮುಂಚೆ ಈ ನಾಡಿನಲ್ಲಿ ವನ್ಯಜೀವಿಗಳ ಛಾಯಾಗ್ರಹಣಕ್ಕೆ ಹೆಸರು ತಂದವರು ಬಹುಮಂದಿ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಇವರ ಹೆಸರನ್ನು ಈ ದಾರಿಯಲ್ಲಿ ನಡೆಯುವವರೆಲ್ಲರೂ ಬಲ್ಲರು. ಹೇಮಾವತಿ ಹುಟ್ಟುವ ಮೂಡಿಗೆರೆಯ ಸೀಮೆಯಲ್ಲಿಯೇ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಥೆಗಳ ಜೊತೆಗೆ ಹಕ್ಕಿಗಳ ಚಿತ್ರಗಳನ್ನೂ ನಮಗೆ ಕೊಟ್ಟುಹೋದರು. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರಗಳು. ಗುಂಡಿ ಒತ್ತುವುದಕ್ಕೆ ಮುಂಚೆ ಯೋಚಿಸಲೇಬೇಕಾಗಿದ್ದಿತು. ಈಗ ಒಂದು ನಿಮಿಷದಲ್ಲಿ ನೂರಾರು ಚಿತ್ರ ತೆಗೆಯಬಹುದು. ತೆಗೆದ ಚಿತ್ರ ಕ್ಷಣದಲ್ಲಿ ಊರೂರಿಗೆ ಹೋಗುತ್ತದೆ. ದೂರವಾಣಿಯಲ್ಲಿ ತೆಗೆದುದಾದರೆ ಸ್ಥಳದ ಗುರುತೂ ಅನೇಕವೇಳೆ ಅದರೊಳಗೇ ಅಡಗಿ ಹೋಗುತ್ತದೆ. ಒಂದು ಗೂಡಿನ ಹತ್ತಿರ ಇಂದು ಐದು ಮಂದಿ ಇದ್ದರೆ, ಸುದ್ದಿ ಹರಡಿದ ಮೇಲೆ ಐವತ್ತು ಮಂದಿ ಬರುತ್ತಾರೆ. ಅನೇಕ ಛಾಯಾಚಿತ್ರ ಪ್ರದರ್ಶನಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಇದರಿಂದಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂಬ ಮಾತಿನ ವಿವರಣೆಯೊಳಗೆ ಹಕ್ಕಿಗಳ ಮೊಟ್ಟೆ ಮತ್ತು ಗೂಡುಗಳನ್ನು ಕದಲಿಸುವುದೂ ಸೇರಿದೆ. ಕೋವಿ ಹಿಡಿದವನನ್ನು ಬೇಟೆಗಾರನೆಂದು ಎಲ್ಲರೂ ಗುರುತಿಸುತ್ತಾರೆ. ರೆಂಬೆಗೆ ದಾರ ಕಟ್ಟಿದ ನಮ್ಮನ್ನು ಯಾರೂ ಗುರುತಿಸಲಿಲ್ಲ.

ಈ ಹವ್ಯಾಸದಲ್ಲಿ ಹೊಸದಾಗಿ ಕಾಲಿಟ್ಟ ತರುಣರು ಕೇಳುತ್ತಿದ್ದರೆ, ನಮ್ಮ ಅನುಭವದಿಂದ ಎರಡು ಮಾತುಗಳನ್ನು ಅರಿಕೆ ಮಾಡುತ್ತೇವೆ. ನೀವು ನಿಂತ ಕಾರಣದಿಂದ ಪ್ರಾಣಿಯೊಂದು ತನ್ನ ಕೆಲಸವನ್ನು ನಿಲ್ಲಿಸಿತೆಂದರೆ, ನೀವು ನಿಲ್ಲಬಾರದ ಕಡೆ ನಿಂತಿದ್ದೀರೆಂದು ತಿಳಿಯಿರಿ. ಚಿತ್ರವನ್ನು ನಾಲ್ಕು ಜನಕ್ಕೆ ತೋರಿಸಿ. ಗೂಡಿನ ದಾರಿಯನ್ನು ಮಾತ್ರ ಯಾರಿಗೂ ತೋರಿಸಬೇಡಿ.

ಊರಿಗೆ ಬಂದು ಸಾಮಾನುಗಳನ್ನು ಬಿಚ್ಚಿದಾಗ ನಮ್ಮ ದಿಂಬಿನ ಚೀಲ ತೇವವಾಗಿದ್ದಿತು. ಕಟ್ಟನ್ನು ಬಿಚ್ಚಿ ನೋಡಿದರೆ ರಾಗಿಯೆಲ್ಲ ಮೊಳಕೆಯೊಡೆದಿದ್ದಿತು. ಮನೆಯವರು ಅದನ್ನು ಒಣಗಿಸಿ, ಹುರಿದು, ಹಿಟ್ಟು ಮಾಡಿದರು. ಹಾಲು ಬೆಲ್ಲ ಹಾಕಿ ಕಾಸಿದ ಆ ಅಂಬಲಿಯನ್ನು ಕುಡಿಯುತ್ತ, ನಾವು ತಂದ ಚಿತ್ರಗಳನ್ನು ಎಲ್ಲರಿಗೂ ತೋರಿಸಿದೆವು. ಕಪ್ಪೆ, ಸೀತಾಳೆ, ಜರಿಗಿಡ, ಬಲಗಿಯ ಬೇರು, ಎಲ್ಲವನ್ನೂ ನೋಡಿ ಆದಮೇಲೆ ಒಬ್ಬ ಹುಡುಗಿ, "ಮಂಗಟ್ಟೆಯದು ಎಲ್ಲಿ?" ಎಂದು ಕೇಳಿದಳು. ಅವಳಿಗೆ ಅಂದು ಹೇಳಿದುದನ್ನೇ ಈ ಹೊತ್ತು ನಿಮಗೂ ಹೇಳಿದ್ದೇವೆ. ಆಕೆ ಕೊನೆಯವರೆಗೂ ಕೇಳಿ, ಒಳಗಿದ್ದ ಮರಿಗಳು ಈಗ ಹಾರಿರಬಹುದೇ ಎಂದು ವಿಚಾರಿಸಿದಳು. ಹಾರಿರಬಹುದೆಂದೆವು.